ಅಂಕಪಟ್ಟಿ ನೋಡದವನು

ಫೆಬ್ರವರಿ 11, ಭಾನುವಾರ

ಇವತ್ತಿನಿಂದ ನಾನು ಪತ್ರಿಕೆಯ ಕ್ರೀಡಾಪುಟ ನೋಡುವಂತಿಲ್ಲ. ಟಿವಿಯಲ್ಲಿ ಆಟದ ಸುದ್ದಿ ಬಂದರೆ ಎದ್ದು ಹೊರಗೆ ಹೋಗಬೇಕು. ಯಾರಾದರೂ ಫುಟ್‌ಬಾಲಿನ ಮಾತು ತೆಗೆದರೆ ಕೈ ಮುಗಿದು ಜಾಗ ಖಾಲಿ ಮಾಡಬೇಕು. ಜೀವಮಾನವೆಲ್ಲ ಸೀಟಿ ಊದಿಕೊಂಡು ಬಂದವನಿಗೆ ಈ ವಯಸ್ಸಿನಲ್ಲಿ ಇಂಥ ಉಪವಾಸ.

ಲೀಗಿನವರು ನನ್ನನ್ನು ಶಿಸ್ತು ಸಮಿತಿಯ ಮೂರನೆಯ ಸದಸ್ಯನನ್ನಾಗಿ ಮಾಡಿದ್ದಾರೆ. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಇನ್ನೊಬ್ಬರು ಲೆಕ್ಕಪರಿಶೋಧಕರು. ಅವರಿಗೆ ಕಾನೂನು ಗೊತ್ತು, ಇವರಿಗೆ ಲೆಕ್ಕ ಗೊತ್ತು, ಆಟ ಗೊತ್ತಿರುವವನು ಒಬ್ಬ ಬೇಕಲ್ಲ, ಅದಕ್ಕೆ ಹಳೆಯ ರೆಫರಿಯಾದ ನಾನು. ನಮ್ಮ ಮುಂದಿರುವುದು ಬಂದರಿನ ಕ್ಲಬ್ಬಿನ ಪ್ರಕರಣ. ಯಾವ ಕ್ಲಬ್ಬೂ ಒಂದು ಮಿತಿಗಿಂತ ಹೆಚ್ಚು ನಷ್ಟ ಮಾಡಿಕೊಂಡು ಆಟಗಾರರನ್ನು ಕೊಳ್ಳಬಾರದು ಎಂದು ಲೀಗಿನ ನಿಯಮವಿದೆ. ಇಲ್ಲದಿದ್ದರೆ ಒಬ್ಬನೇ ಎಲ್ಲರನ್ನೂ ಬಾಚಿಕೊಂಡು ಹೋಗುತ್ತಾನೆ, ಉಳಿದವರು ಬಾಯಿ ಬಾಯಿ ಬಿಡಬೇಕು. ಬಂದರಿನವರು ಮೂರು ವರ್ಷ ಆ ಮಿತಿ ಮೀರಿದ್ದಾರೆ ಎಂಬುದು ಆರೋಪ. ಸಾಬೀತಾದರೆ ಅಂಕ ಕಡಿತ. ಎಷ್ಟು ಅಂಕ ಎಂದು ಹೇಳುವುದು ನಮ್ಮ ಕೆಲಸ.

ಮೊದಲ ಸಭೆಯಲ್ಲೇ ಅಧ್ಯಕ್ಷೆ ಕಡ್ಡಿ ಮುರಿದ ಹಾಗೆ ಹೇಳಿದರು. "ಇಷ್ಟು ಅಂಕ ಕಿತ್ತರೆ ಯಾರು ಮುಳುಗ್ತಾರೆ, ಯಾರು ಉಳೀತಾರೆ ಅಂತ ಗೊತ್ತಿದ್ರೆ ನಾವು ಶಿಕ್ಷೆ ಕೊಡ್ತಾ ಇರಲ್ಲ, ಯಾರನ್ನ ಮುಳುಗಿಸಬೇಕು ಅಂತ ಆರಿಸ್ತಾ ಇರ್ತೀವಿ. ಶಿಕ್ಷೆ ತಪ್ಪಿನ ಅಳತೆಗೆ ಇರಲಿ. ಸಹಿ ಬೀಳೋವರೆಗೂ ನಮ್ಮಲ್ಲಿ ಯಾರೂ ಅಂಕಪಟ್ಟಿ ನೋಡೋ ಹಾಗಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಯಾವ ಕ್ಲಬ್ಬಿನ ಮೇಲಾದ್ರೂ ಪ್ರೀತಿ ಇದೆಯಾ?" ಎಂದು ಕೇಳಿದರು.

"ಮೇಡಂ, ರೆಫರಿಗೆ ಪ್ರೀತಿ ಇರಲ್ಲ, ಮಂಡಿನೋವು ಇರುತ್ತೆ" ಎಂದೆ. ನಕ್ಕರು. ನಾನು ಹೇಳಿದ್ದು ನಿಜವೇ. ಈ ಊರಿನ ಗಿರಣಿ ತಂಡ ಪಟ್ಟಿಯ ತಳದಲ್ಲಿದೆ ಎಂದು ಈಗಾಗಲೇ ನನಗೆ ಗೊತ್ತು, ಕೊನೆಯ ತಂಡ ಕೆಳಗಿನ ಲೀಗಿಗೆ ಇಳಿಯುತ್ತದೆ ಎಂದೂ ಗೊತ್ತು. ಅದನ್ನೂ ಮುಚ್ಚಿಡದೆ ಹೇಳಿದೆ. "ನೀವು ಆ ಊರಿನವರಾ?" ಎಂದರು. ಹೆಂಡತಿ ಹೋದ ಮೇಲೆ ಎರಡು ವರ್ಷದಿಂದ ಮಗಳ ಮನೆಯಲ್ಲಿದ್ದೇನೆ, ಅಷ್ಟೇ ನಂಟು ಎಂದೆ. "ಎಲ್ಲರೂ ಯಾವುದೋ ಒಂದು ಊರಲ್ಲಿ ಇರಲೇಬೇಕಲ್ಲ" ಎಂದು ಲೆಕ್ಕಪರಿಶೋಧಕರು ಮಾತು ಮುಗಿಸಿದರು.

ಫೆಬ್ರವರಿ 14, ಬುಧವಾರ

ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಸಿಟಿ ಬಸ್ಸಿನ ಡ್ರೈವರ್. ಮಗಳಿಗೆ ನನ್ನ ಕೆಲಸದ ನಿಯಮ ಹೇಳಿದರೆ, "ಒಳ್ಳೇದಾಯ್ತು, ಮನೇಲಿ ಒಬ್ಬರಾದ್ರೂ ಆಟದ ಹುಚ್ಚು ಬಿಟ್ಟರು" ಎಂದಳು. ನಾನು ಅಂಜಿದ್ದು ಅಳಿಯನ ಬಗ್ಗೆ. ಗಿರಣಿ ತಂಡವೆಂದರೆ ಅವನಿಗೆ ಪ್ರಾಣ. ಅವನ ಪ್ರಕಾರ ರೆಫರಿ ಎಂಬ ಜಾತಿಯೇ ಹುಟ್ಟಾ ಶತ್ರು. ನಾನು ಈ ಮನೆಗೆ ಬಂದ ಮೇಲೆ "ಟೀ ಆಯ್ತಾ ಮಾವ", "ಲೈಟ್ ಆರಿಸ್ಲಾ ಮಾವ" ಇವೆರಡರ ಆಚೆಗೆ ಅವನ ಮಾತು ದಾಟಿದ್ದು ಕಡಿಮೆ. ಫುಟ್‌ಬಾಲಿನ ವಿಷಯ ಬಂದರೆ ಮಾತ್ರ ಇಬ್ಬರೂ ಹಾವು ಮುಂಗುಸಿ.

ಆದರೆ ಬೆಳಿಗ್ಗೆ ನೋಡುತ್ತೇನೆ, ಮೇಜಿನ ಮೇಲೆ ಪತ್ರಿಕೆ ಇದೆ, ಕ್ರೀಡಾಪುಟ ಇಲ್ಲ. ಕೆಲಸಕ್ಕೆ ಹೋಗುವ ಮೊದಲು ಅವನೇ ಅಷ್ಟನ್ನು ತೆಗೆದುಕೊಂಡು ಹೋಗಿದ್ದ. ಬೀದಿಯಲ್ಲೂ ಹೇಳಿಟ್ಟಿದ್ದಾನಂತೆ, ಮಾವನ ಮುಂದೆ ಯಾರೂ ಆಟದ ಸೊಲ್ಲೆತ್ತಬೇಡಿ ಎಂದು. ಇಷ್ಟನ್ನು ನಾನು ಅವನಿಂದ ನಿರೀಕ್ಷಿಸಿರಲಿಲ್ಲ.

ಫೆಬ್ರವರಿ 24, ಶನಿವಾರ

ಮೈದಾನ ಎರಡು ಬೀದಿಯ ಆಚೆ. ಇವತ್ತು ಅಳಿಯನ ತಂಡದ ಪಂದ್ಯ. ಕಿಟಕಿ ಹಾಕಿ, ಕಿವಿಗೆ ಹತ್ತಿ ತುರುಕಿಕೊಂಡೆ. ಆದರೂ ಸದ್ದು ಬರುತ್ತದೆ. ಬೇರೆಯವರಿಗೆ ಅದು ಬರೀ ಗದ್ದಲ, ನನಗೆ ಹಾಗಲ್ಲ. ಊರಿನ ತಂಡ ಗೋಲು ಹೊಡೆದರೆ ಕೂಗು ನೆಲದಿಂದ ಏಳುತ್ತದೆ. ಎದುರಾಳಿ ಹೊಡೆದರೆ ಮೊದಲು ಮೌನ, ಆಮೇಲೆ ಮೂಲೆಯಲ್ಲಿ ನಾಲ್ಕು ಜನರ ಕೇಕೆ. ಚೆಂಡು ಗೋಲಿನ ಕಂಬಕ್ಕೆ ಬಡಿದರೆ ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಇದನ್ನೆಲ್ಲ ಕಿವಿ ತಾನಾಗಿ ಬಿಡಿಸಿ ಹೇಳುತ್ತದೆ, ಬೇಡವೆಂದರೂ.

ಚಪ್ಪಲಿ ಮೆಟ್ಟಿಕೊಂಡು ಕಾಲುವೆಯ ಕಡೆ ಹೊರಟುಬಿಟ್ಟೆ. ದೀಪ ಹತ್ತುವವರೆಗೆ ಅಲ್ಲೇ ಇದ್ದೆ. ಕೊಟ್ಟ ಮಾತು ಎಂದರೆ ಮಾತು.

ಮಾರ್ಚ್ 5, ಮಂಗಳವಾರ

ಮೊದಲ ವಿಚಾರಣೆ. ಉದ್ದ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು, ನೀರಿನ ಜಗ್ಗು. ಬಂದರಿನ ಕ್ಲಬ್ಬಿನ ಪರವಾಗಿ ಹಳೆಯ ಮಾಲೀಕನಾಗಲಿ ಅವನ ಪಾಲುದಾರರಾಗಲಿ ಬರಲಿಲ್ಲ. ಅವರೆಲ್ಲ ಕ್ಲಬ್ಬನ್ನು ಮಾರಿ ಕೈ ತೊಳೆದುಕೊಂಡು ಹೋಗಿದ್ದಾರೆ. ಬಂದದ್ದು ಕ್ಲಬ್ಬಿನ ಕಾರ್ಯದರ್ಶಿ, ಐವತ್ತರ ಆಸುಪಾಸಿನ ಹೆಂಗಸು. ಟಿಕೆಟ್ ಮಾರುವುದರಿಂದ ಆಟಗಾರರಿಗೆ ಬಾಡಿಗೆ ಮನೆ ಹುಡುಕುವವರೆಗೆ ಎಲ್ಲವನ್ನೂ ನೋಡಿಕೊಳ್ಳುವವರು ಅವರೇ ಎಂದು ಗೊತ್ತಾಯಿತು.

"ತಪ್ಪಾಗಿದೆ. ಆಗಿಲ್ಲ ಅಂತ ಹೇಳೋಕೆ ನಾನು ಬಂದಿಲ್ಲ" ಎಂದು ಶುರು ಮಾಡಿದರು. "ಖರ್ಚು ಮಾಡಿದೋರು ಹೋದ್ರು. ಅವರು ತಂದ ಆಟಗಾರರೂ ಹೋದ್ರು. ಈಗಿರೋ ಹುಡುಗರು ಎಲ್ಲ ನಮ್ಮ ಬೀದಿಯೋರು. ಕ್ಲಬ್ಬು ಕೆಳಗಿಳಿದ್ರೆ ಆಫೀಸಿನಲ್ಲಿ ಅರ್ಧ ಜನ ಮನೆಗೆ ಹೋಗ್ತೀವಿ. ಹುಲ್ಲು ನೋಡ್ಕೊಳ್ಳೋನು, ಬಟ್ಟೆ ಒಗೆಯೋ ಇಬ್ಬರು, ಗೇಟಿನೋನು. ಶಿಕ್ಷೆ ಕೊಡಿ, ತಗೋತೀವಿ. ಆದ್ರೆ ಶಿಕ್ಷೆ ಆಗ್ತಿರೋದು ಯಾರಿಗೆ ಅಂತ ಒಂದು ಸಲ ಯೋಚನೆ ಮಾಡಿ."

ಅಳಲಿಲ್ಲ. ಕರವಸ್ತ್ರ ಕೈಯಲ್ಲಿತ್ತು, ಅದನ್ನು ಮಡಚುತ್ತ ಬಿಚ್ಚುತ್ತ ಇದ್ದರು. ಆಟದಲ್ಲಿ ಒದ್ದವನು ಹೊರಗೆ ಹೋಗುತ್ತಾನೆ, ಉಳಿದ ಹತ್ತು ಜನ ಆಡುತ್ತಾರೆ. ಇಲ್ಲಿ ಒದ್ದವನು ಕಾರು ಹತ್ತಿ ಹೋದ, ಬೆಂಚಿನಲ್ಲಿ ಕೂತವರಿಗೆ ಕೆಂಪು ಕಾರ್ಡು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮನಸ್ಸಿನಲ್ಲೇ ತೂಗಿದೆ. ನಾಲ್ಕು ಅಂಕ. ಬುದ್ಧಿಯೂ ಬರಬೇಕು, ಕುತ್ತಿಗೆಯೂ ಉಳಿಯಬೇಕು. ನಾಲ್ಕು ಸರಿ.

ಮಾರ್ಚ್ 9, ಶನಿವಾರ

ಮಂಡಿ ನೋವು ಜಾಸ್ತಿಯಾಗಿತ್ತು. ಅಳಿಯ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಸರದಿಗಾಗಿ ಬಹಳ ಹೊತ್ತು ಕೂತೆವು. ಫುಟ್‌ಬಾಲ್ ಮಾತಾಡುವಂತಿಲ್ಲ, ಸುಮ್ಮನೆ ಎಷ್ಟು ಹೊತ್ತು ಗೋಡೆ ನೋಡುವುದು? ಅವನೇ ಬಾಯಿ ಬಿಟ್ಟ. ಅವನ ಅಪ್ಪನೂ ಬಸ್ಸು ಓಡಿಸುತ್ತಿದ್ದನಂತೆ. ಮಗನನ್ನು ಎಂಜಿನ್ ಪೆಟ್ಟಿಗೆಯ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದನಂತೆ. "ಬೇಸಿಗೆಯಲ್ಲಿ ಕುಂಡೆ ಸುಡ್ತಿತ್ತು ಮಾವ, ಆದ್ರೂ ಇಳೀತಿರಲಿಲ್ಲ" ಎಂದ. ಅಪ್ಪ ಸತ್ತ ದಿನವೂ ಅಳಿಯ ತನ್ನ ಪಾಳಿ ಮುಗಿಸಿಯೇ ಮನೆಗೆ ಬಂದನಂತೆ, ಪ್ರಯಾಣಿಕರನ್ನು ನಡುದಾರಿಯಲ್ಲಿ ಇಳಿಸಲಾಗದೆ. ಇದು ಮಗಳಿಗೂ ಗೊತ್ತಿಲ್ಲವಂತೆ.

ಎರಡು ವರ್ಷ ಒಂದೇ ಸೂರಿನಡಿ ಇದ್ದೂ ನಾವಿಬ್ಬರು ಇಷ್ಟು ಮಾತಾಡಿರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಹಾಕಿದ. ಹೆಂಡತಿ ಹೋದ ಮೇಲೆ ನನಗಾಗಿ ಯಾರೂ ಕುರ್ಚಿ ಎಳೆದಿರಲಿಲ್ಲ.

ಮಾರ್ಚ್ 23, ಶನಿವಾರ

ಇವತ್ತೂ ಪಂದ್ಯ. ಹತ್ತಿ ಮುಗಿದಿತ್ತು, ತರಲು ಮರೆತೆ. ಕೋಣೆಯಲ್ಲಿ ಸೆಕೆ. ತಾರಸಿಯ ಮೇಲೆ ಹೋಗಿ ಕೂತೆ.

ಎರಡು ಸಲ ಮೌನವಾಯಿತು.

ಸಂಜೆ ಅಳಿಯ ಬಂದು ಮುಖ ತೊಳೆದುಕೊಂಡು ಊಟ ಬೇಡವೆಂದು ಮಲಗಿದ. ಒಂದು ಮಾತೂ ಆಡಲಿಲ್ಲ, ಹುಡುಗ ಅಷ್ಟು ನಿಯತ್ತಿನವನು. ಪಾಪ ಅನ್ನಿಸಿತು. ಅವನು ಮುಖ ಸಪ್ಪೆ ಮಾಡಿಕೊಂಡರೆ ಮನೆಯೆಲ್ಲ ಸಪ್ಪೆ. ನಾನು ಪಟ್ಟಿಯನ್ನಂತೂ ನೋಡಿಲ್ಲ.

ಏಪ್ರಿಲ್ 3, ಬುಧವಾರ

ಎರಡನೆಯ ವಿಚಾರಣೆ. ಬಂದರಿನವರು ತಮ್ಮ ಮೈದಾನವನ್ನೇ ಮಾಲೀಕನ ಇನ್ನೊಂದು ಕಂಪನಿಗೆ ಮಾರಿದ ಹಾಗೆ ತೋರಿಸಿ ನಷ್ಟ ಮುಚ್ಚಿಕೊಂಡಿದ್ದಾರೆ. ಎಡಗೈಯಿಂದ ಬಲಗೈಗೆ ಕೊಟ್ಟು ವ್ಯಾಪಾರ ಎಂದು ಹೆಸರಿಡುವುದು. ಲೆಕ್ಕಪರಿಶೋಧಕರು ನಿಧಾನವಾಗಿ ಬಿಡಿಸಿ ಹೇಳಿದಾಗ ನನಗೆ ಮೈ ಉರಿಯಿತು. ಇದು ಕಾಲು ಜಾರಿ ಬಿದ್ದದ್ದಲ್ಲ, ಕಣ್ಣಿಗೆ ಮಣ್ಣೆರಚಿದ್ದು.

ನಾಲ್ಕು ಕಡಿಮೆಯಾಯಿತು. ಆರು ಇರಬೇಕು.

ಆ ಕಾರ್ಯದರ್ಶಿ ಇವತ್ತೂ ಕರವಸ್ತ್ರ ಮಡಚುತ್ತ ಕೂತಿದ್ದರು. ಮೊದಲ ಸಲ ನೋಡುವಾಗ ಮರುಕ ಹುಟ್ಟುತ್ತದೆ. ಎರಡನೆಯ ಸಲ ಅದೇ ಕರವಸ್ತ್ರ, ಅದೇ ಮಡಿಕೆ. ಮೈದಾನ ಮಾರಿದಾಗ ಈ ತಾಯಿ ಅದೇ ಆಫೀಸಿನಲ್ಲಿದ್ದರಲ್ಲ, ಗೊತ್ತಿರಲಿಲ್ಲವೆ?

ಏಪ್ರಿಲ್ 13, ಶನಿವಾರ

ಈ ಬೀದಿಯವರಿಗೆ ಈಚೆಗೆ ನನ್ನ ಮೇಲೆ ಇಲ್ಲದ ಅಕ್ಕರೆ. ಬ್ರೆಡ್ಡಿನ ಅಂಗಡಿಯವಳು ಬಿಸಿಯದ್ದನ್ನು ತೆಗೆದಿಟ್ಟಿರುತ್ತಾಳೆ. ಮೂಲೆಮನೆಯ ಮುದುಕಿ, ಹಿಂದೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವಳು, "ಮಂಡಿ ಹೇಗಿದೆ ಅಣ್ಣಾ?" ಎಂದು ಕೇಳಿದಳು. ಮನುಷ್ಯರು ಒಳ್ಳೆಯವರು, ನಾವೇ ಬೆರೆಯಬೇಕು. ಮಗಳು ಮೊದಲಿನಿಂದ ಹೇಳುತ್ತಿದ್ದದ್ದು ಇದನ್ನೇ.

ಕಟಿಂಗ್ ಅಂಗಡಿಯವನೊಬ್ಬನು ಕೆಲಸ ಕೆಡಿಸಿದ. ಗಡ್ಡಕ್ಕೆ ಸೋಪು ಹಚ್ಚಿ, ಕತ್ತಿ ಕುತ್ತಿಗೆಯ ಹತ್ತಿರ ಇಟ್ಟುಕೊಂಡು, ಕನ್ನಡಿಗೆ ಹೇಳುವವನ ಹಾಗೆ ಹೇಳಿದ: "ನಮಗೂ ಬಂದರಿನವ್ರಿಗೂ ಹನ್ನೊಂದೇ ಹನ್ನೊಂದು ಅಂಕದ ಅಂತರ."

"ಬಾಯಿ ಮುಚ್ಚಯ್ಯಾ!" ಎಂದೆ. ಕತ್ತಿ ಇಲ್ಲದಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದೆ. ಅವನು ಕಿವಿ ಹಿಡಿದುಕೊಂಡು, "ತಪ್ಪಾಯ್ತು ಸಾರ್, ಬಾಯಿ ಜಾರಿತು" ಎಂದ. ದುಡ್ಡು ಕೊಡಲು ಹೋದರೆ ಬೇಡವೆಂದ. ಬಲವಂತ ಮಾಡಿ ಕೊಟ್ಟೆ. ಒಬ್ಬ ಬಾಯಿಬಡುಕ ಏನೋ ಅಂದ ಮಾತ್ರಕ್ಕೆ ನನಗೆ ಪಟ್ಟಿ ಗೊತ್ತಾದ ಹಾಗಾಗುವುದಿಲ್ಲ. ಅಧ್ಯಕ್ಷೆಗೆ ಫೋನ್ ಮಾಡಬೇಕೆ ಎಂದು ಯೋಚಿಸಿ, ಇಷ್ಟು ಸಣ್ಣ ವಿಷಯಕ್ಕೆ ಅವರ ತಲೆ ತಿನ್ನುವುದೇಕೆ ಎಂದು ಬಿಟ್ಟೆ.

ಏಪ್ರಿಲ್ 16, ಮಂಗಳವಾರ

ನಲ್ಲಿ ಸೋರುತ್ತಿತ್ತು. ಅಳಿಯ ಮತ್ತು ನಾನು ಸೇರಿ ರಿಪೇರಿ ಮಾಡಿದೆವು. ಇಬ್ಬರೂ ನೆನೆದು ತೊಪ್ಪೆ. ಮಗಳು ಬೈದಳು, ನಾವಿಬ್ಬರೂ ಒಂದೇ ಪಕ್ಷ.

ಏಪ್ರಿಲ್ 27, ಶನಿವಾರ

ಬಂದರಿನವರು ಇಲ್ಲಿಗೇ ಆಡಲು ಬಂದಿದ್ದರು. ಇದು ನನಗೆ ಮೊದಲೇ ಗೊತ್ತಿರಲಿಲ್ಲ. ಬೀದಿಯ ತುಂಬ ಅವರ ನೀಲಿ ಶಾಲು ಕಂಡು ಗೊತ್ತಾಯಿತು. ಕಾಲುವೆಯ ಕಡೆ ಹೋಗೋಣವೆಂದರೆ ಮಂಡಿ ಕೇಳಲಿಲ್ಲ. ತಾರಸಿಯ ಮೇಲೆ ಕೂತೆ.

ಬಹಳ ಹೊತ್ತು ಏನೂ ಇಲ್ಲ. ಒಮ್ಮೆ ಕಂಬಕ್ಕೆ ಬಡಿಯಿತು, ನಮ್ಮದೇ ಹೊಡೆತ. ಆಮೇಲೆ ಮತ್ತೆ ಮಂಪರು. ಇನ್ನೇನು ಮುಗಿಯಿತು ಎನ್ನುವಾಗ ನೆಲದಿಂದ ಆ ಕೂಗು ಎದ್ದಿತು, ತಾರಸಿಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ನಾನೂ ಎದ್ದು ನಿಂತಿದ್ದೆ, ಮಂಡಿ ನೋವು ಎಲ್ಲಿ ಹೋಯಿತೋ. ಗೆದ್ದೆವು.

ಅಳಿಯ ಹಾರುತ್ತ ಬಂದವನು ಮೆಟ್ಟಿಲ ಹತ್ತಿರ ನನ್ನನ್ನು ಕಂಡು ತಟ್ಟನೆ ಮುಖ ಸಪ್ಪಗೆ ಮಾಡಿಕೊಂಡ. ಖುಷಿ ಮುಚ್ಚಿಡಲು ಅವನು ಪಡುತ್ತಿದ್ದ ಪಾಡು ನೋಡಿ ನಗು ತಡೆಯಲಾಗಲಿಲ್ಲ. ಅವನೂ ನಕ್ಕುಬಿಟ್ಟ. "ಯಾಕೆ ಮಾವ ನಗ್ತೀರಿ?" ಎಂದ. "ನೀನು ಯಾಕಪ್ಪಾ ನಗ್ತೀಯ?" ಎಂದೆ. ಒಂದು ಮನೆಯಲ್ಲಿ ಹೀಗೆ ನಗುವುದು ಎಷ್ಟು ದೊಡ್ಡ ವಿಷಯ ಎಂದು ಒಂಟಿಯಾಗಿ ಇದ್ದವನಿಗೆ ಮಾತ್ರ ಗೊತ್ತು.

ಪಟ್ಟಿಯನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಮೇ 8, ಬುಧವಾರ

"ಅವರು ಸರಿಯಾಗಿ ನಿದ್ದೇನೇ ಮಾಡ್ತಿಲ್ಲ ಅಪ್ಪ. ಈ ಸಲ ಕೆಳಗಿಳಿದ್ರೆ ಮೈದಾನದ ಕಡೆ ತಲೆ ಹಾಕಲ್ಲ ಅಂತಿದ್ದಾರೆ. ಅವರಪ್ಪ ಕೂರ್ತಿದ್ದ ಜಾಗ ಅದು" ಎಂದಳು ಮಗಳು. ಮರುಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ನಾನೇನೂ ಕೇಳಿಸ್ಕೊಳ್ಳಲಿಲ್ಲ" ಎಂದೆ.

ಕಾಗದಗಳನ್ನೆಲ್ಲ ಇನ್ನೊಮ್ಮೆ ಓದಿದೆ. ಮೂರು ವರ್ಷದ ತಪ್ಪು ಇದು. ಮೊದಲ ವರ್ಷದ್ದು ಒಂದು ತಪ್ಪು, ಎರಡನೆಯದ್ದು ಇನ್ನೊಂದು, ಮೂರನೆಯದ್ದು ಮತ್ತೊಂದು. ವರ್ಷಕ್ಕೆ ಎರಡು ಅಂಕವೆಂದರೆ ಒಂದು ಪಂದ್ಯ ಗೆದ್ದಷ್ಟೂ ಆಗುವುದಿಲ್ಲ. ಗೆಲುವಿಗೆ ಮೂರು ಅಂಕ. ಮೋಸದಿಂದ ವರ್ಷಕ್ಕೆ ಒಂದು ಪಂದ್ಯವನ್ನಾದರೂ ಅವರು ಗೆದ್ದಿರಲೇಬೇಕು. ಹಾಗಾದರೆ ಮೂರು ಮೂರಲಿ ಒಂಬತ್ತು. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಮೇ 13, ಸೋಮವಾರ

ಪಂದ್ಯಗಳೆಲ್ಲ ಶನಿವಾರಕ್ಕೆ ಮುಗಿದವು. ಇವತ್ತು ನಾವು ಮೂವರೇ ಕೂತೆವು. ಹಿರಿಯರ ಮಾತಿಗೆ ಕಿರಿಯರು ತಲೆಯಾಡಿಸಬಾರದೆಂದು ಸಮಿತಿಗೆ ಹೊಸದಾಗಿ ಬಂದವರೇ ಮೊದಲು ಅಂಕ ಹೇಳಬೇಕೆಂಬುದು ಇಲ್ಲಿಯ ಪದ್ಧತಿ. ಹಾಗಾಗಿ ನನ್ನ ಸರದಿ ಮೊದಲು.

ನಾನು ಇಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಮೈದಾನ ಮಾರಿದ ನಾಟಕ, ನಿಯಮ ಪಾಲಿಸಿದ ಬಡ ಕ್ಲಬ್ಬುಗಳ ಪಾಡು, ವರ್ಷಕ್ಕೊಂದು ಗೆಲುವಿನ ಲೆಕ್ಕ, ಎಲ್ಲವನ್ನೂ ಒಂದರ ಹಿಂದೆ ಒಂದು ಇಟ್ಟೆ. "ಒಂಬತ್ತು" ಎಂದೆ.

ಲೆಕ್ಕಪರಿಶೋಧಕರು ಕನ್ನಡಕ ತೆಗೆದು ಒರೆಸಿದರು. "ನಾನು ಐದು ಅಂದ್ಕೊಂಡಿದ್ದೆ. ಆದ್ರೆ ಗೆಲುವಿನ ಬೆಲೆ ನನಗೆ ಹೇಗೆ ಗೊತ್ತಾಗ್ಬೇಕು? ಆಟ ಗೊತ್ತಿರೋರು ನೀವು" ಎಂದರು.

ಅಧ್ಯಕ್ಷೆ ಕಾಗದಗಳನ್ನು ಮತ್ತೊಮ್ಮೆ ತಿರುವಿದರು. ಬಂದರಿನವರು ತಪ್ಪು ಒಪ್ಪಿಕೊಂಡದ್ದಕ್ಕೆ ಏನೂ ರಿಯಾಯಿತಿ ಇಲ್ಲವೆ ಎಂದು ಕೇಳಿದರು. ಒಪ್ಪಿಕೊಂಡದ್ದು ಸಿಕ್ಕಿಬಿದ್ದ ಮೇಲೆ ಎಂದೆ. ಎಂಟಕ್ಕೆ ಇಳಿಸೋಣವೆ ಎಂದರು. ಎಂಟು ಎಂದರೆ ಅದಕ್ಕೆ ತಳಬುಡವಿಲ್ಲ, ಒಂಬತ್ತಕ್ಕೆ ಲೆಕ್ಕವಿದೆ, ಎಂಟಕ್ಕೆ ಏನಿದೆ ಎಂದು ಪಟ್ಟು ಹಿಡಿದೆ. ಕೊನೆಗೆ ಸಹಿಯಾಯಿತು. ನಿರಾಳ.

ಮೇ 15, ಬುಧವಾರ

ಬೆಳಿಗ್ಗೆ ತೀರ್ಪು ಓದಿದರು. ಅಂಕಪಟ್ಟಿಯನ್ನು ಮೊದಲ ಸಲ ಮೇಜಿನ ಮೇಲೆ ಇಟ್ಟರು. ಬಂದರಿನವರು ನಮಗಿಂತ ಎಂಟು ಅಂಕ ಮೇಲಿದ್ದರು. ಒಂಬತ್ತು ಕಳೆದರೆ ಒಂದು ಕೆಳಗೆ. ಅವರು ಇಳಿದರು, ನಾವು ಉಳಿದೆವು.

ಅಧ್ಯಕ್ಷೆ ಪಟ್ಟಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನೀರು ಕುಡಿದೆ.

ಮೆಟ್ಟಿಲ ಹತ್ತಿರ ಆ ಕಾರ್ಯದರ್ಶಿ ನಿಂತಿದ್ದರು. ತಪ್ಪಿಸಿಕೊಂಡು ಹೋಗಲು ಬೇರೆ ದಾರಿ ಇರಲಿಲ್ಲ. ಬೈಯುತ್ತಾರೆ ಎಂದುಕೊಂಡೆ, ಬೈಗುಳ ತಿಂದು ಅಭ್ಯಾಸವಿದೆ. ಅವರು ಕೈ ಮುಗಿದರು. "ಸಾರ್, ನಮ್ಮೂರಲ್ಲಿ ನೀವು ಆಡಿಸಿದ ಪಂದ್ಯ ಎಲ್ಲಾ ನೋಡಿದ್ದೀನಿ. ನೀವು ಸಮಿತೀಲಿ ಇದ್ದೀರಿ ಅಂತ ಗೊತ್ತಾದಾಗ ಆಫೀಸಿನೋರಿಗೆಲ್ಲ ನಾನೇ ಹೇಳಿದ್ದೆ, ಇನ್ನು ಭಯ ಇಲ್ಲ, ಅನ್ಯಾಯ ಆಗಲ್ಲ ಅಂತ. ನೀವು ಒಂಬತ್ತು ಅಂದ್ರೆ ನಮ್ಮ ತಪ್ಪು ಒಂಬತ್ತೇ ಇರ್ಬೇಕು."

"ಒಳ್ಳೇದಾಗ್ಲಿ ತಾಯಿ" ಎಂದೆ. ಬೇರೆ ಏನು ಹೇಳುವುದು?

ಬಸ್ಸು ಇಳಿಯುತ್ತಲೇ ಬೀದಿ ಬೀದಿಯೇ ಎದುರಿಗೆ ಬಂತು. ಕಟಿಂಗ್ ಅಂಗಡಿಯವನು ನನ್ನನ್ನು ಎತ್ತಿಕೊಳ್ಳಲು ನೋಡಿದ. ಬ್ರೆಡ್ಡಿನವಳು ಕೆನ್ನೆ ಮುಟ್ಟಿ ದೃಷ್ಟಿ ತೆಗೆದಳು. "ನಮ್ಮ ರೆಫರಿ!" ಎಂದು ಕೂಗಿದರು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ 'ನಮ್ಮ' ಎಂದಿರಲಿಲ್ಲ. ಇವರ ಬಾಯಿ ಮುಚ್ಚಿಸಬೇಕಿತ್ತು. ಮಂಡಿ ನೋವೆಂದು ಹೇಳಿ ಬೇಗ ಒಳಗೆ ಬಂದೆ.

ಅಡುಗೆಮನೆಯಲ್ಲಿ ಅಳಿಯ ಒಬ್ಬನೇ ಇದ್ದ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡಿದ್ದ.

"ಮಾವ, ಒಂದು ಮಾತು ಕೇಳ್ತೀನಿ. ನನ್ನಿಂದ ಏನಾದ್ರೂ ನಿಮಗೆ ಗೊತ್ತಾಯ್ತಾ? ನನ್ನ ಮುಖ ನೋಡಿ, ನಾನು ಊಟ ಬಿಟ್ಟಿದ್ದು ನೋಡಿ? ಹಾಗೇನಾದ್ರೂ ಆಗಿದ್ರೆ ನಮ್ಮ ತಂಡ ಉಳಿದಿದ್ದು ನನಗೆ ಬೇಡ ಮಾವ. ಅಪ್ಪನ ಸೀಟಲ್ಲಿ ಯಾವ ಮುಖ ಇಟ್ಕೊಂಡು ಕೂರ್ಲಿ?"

"ನಾನು ಪಟ್ಟಿ ನೋಡಿಲ್ಲಪ್ಪಾ" ಎಂದೆ.

"ಅಷ್ಟು ಸಾಕು ಮಾವ" ಎಂದ. ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಉಸಿರು ಬಿಟ್ಟ, ಆಮೇಲೆ ಅತ್ತ, ಆಮೇಲೆ ನಕ್ಕ. ನನ್ನ ಕೈ ಹಿಡಿದುಕೊಂಡೇ ಇದ್ದ. ನಾನು ಅವನಿಗೆ ಸುಳ್ಳು ಹೇಳಲಿಲ್ಲ.

ಜೂನ್ 7, ಶುಕ್ರವಾರ

ಬಂದರಿನವರು ಮೇಲ್ಮನವಿ ಹಾಕಿದ್ದಾರೆ. ಸಮಿತಿಯ ಮೂವರೂ ಒಂದು ಹೇಳಿಕೆಗೆ ಸಹಿ ಮಾಡಬೇಕು. 'ತೀರ್ಪು ಕೊಡುವ ಮೊದಲು ನಾನು ಅಂಕಪಟ್ಟಿಯನ್ನು ನೋಡಿರಲಿಲ್ಲ, ಅದರ ಸ್ಥಿತಿಗತಿ ನನಗೆ ತಿಳಿದಿರಲಿಲ್ಲ.' ಯಾರಾದರೂ ಸಹಿ ಮಾಡದಿದ್ದರೆ ತೀರ್ಪು ರದ್ದು, ಬೇರೆ ಮೂವರು ಕೂತು ಮೊದಲಿನಿಂದ ತೂಗುತ್ತಾರೆ.

ಅಧ್ಯಕ್ಷೆ ಫೋನ್ ಮಾಡಿದ್ದರು. "ನಾನು ಆ ದಿನ ಆರು ಅಂತ ಚೀಟಿಯಲ್ಲಿ ಬರ್ಕೊಂಡು ಬಂದಿದ್ದೆ. ನಿಮ್ಮ ಮಾತು ಕೇಳಿ ಬದಲಾಯಿಸಿದೆ. ನಿಮ್ಮ ಮಾತಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ, ಈಗ್ಲೂ ಕಾಣ್ತಿಲ್ಲ" ಎಂದು ಹೇಳಿ, "ಸಹಿ ಮಾಡೋ ಮುಂಚೆ ನಿಧಾನವಾಗಿ ಓದಿ" ಎಂದರು. ಎಲ್ಲರಿಗೂ ಹೀಗೆ ಹೇಳುತ್ತಾರೋ ಏನೋ.

ಮಗಳು ಬಟ್ಟೆ ಮಡಚುತ್ತ ಕೇಳಿದಳು. "ಅಪ್ಪ, ಮ್ಯಾಚ್ ಇದ್ದಾಗೆಲ್ಲ ತಾರಸಿ ಮೇಲೆ ಯಾಕೆ ಕೂರ್ತಿದ್ರಿ?"

"ಬಿಸಿಲು ಕಾಯೋಕೆ."

"ಮೋಡ ಇದ್ದ ದಿನಾನೂ?"

ಅವಳು ನನ್ನ ಅಂಗಿಯನ್ನು ಮಡಚಿ ನನ್ನ ತೊಡೆಯ ಮೇಲೆ ಇಟ್ಟು ಒಳಗೆ ಹೋದಳು. ಅವಳ ಅಮ್ಮನೂ ಹೀಗೇ, ಬೈಯುವ ಬದಲು ಬಟ್ಟೆ ಮಡಚಿಡುತ್ತಿದ್ದಳು.

ಹೇಳಿಕೆಯನ್ನು ಮೇಜಿನ ಮೇಲಿಟ್ಟು ನೋಡಿದೆ. ಮೊದಲ ಅರ್ಧ ಅಕ್ಷರಶಃ ನಿಜ. ಎರಡನೆಯ ಅರ್ಧ ಮೊದಲಿನದ್ದನ್ನೇ ಬೇರೆ ಮಾತಿನಲ್ಲಿ ಹೇಳಿದ್ದು. ವಕೀಲರು ಎಲ್ಲವನ್ನೂ ಎರಡೆರಡು ಸಲ ಬರೆಯುತ್ತಾರೆ. ಹೊರಗೆ ಅಳಿಯ ಬಸ್ಸಿನ ಸಮವಸ್ತ್ರದಲ್ಲಿ ನನಗಾಗಿ ಕಾಯುತ್ತಿದ್ದ, ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ ಎಂದಿದ್ದ. ಪಾಪ, ಅವನ ಪಾಳಿಗೆ ಹೊತ್ತಾಗುತ್ತಿತ್ತು.

ಸಹಿ ಮಾಡಿ ಕೊಟ್ಟೆ.

ಜುಲೈ 2, ಮಂಗಳವಾರ

ಮೇಲ್ಮನವಿ ವಜಾ. ಬಂದರಿನ ಆಫೀಸಿನಲ್ಲಿ ಒಂಬತ್ತು ಜನರನ್ನು ಕೆಲಸದಿಂದ ಬಿಡಿಸಿದ್ದಾರಂತೆ, ಆ ಕಾರ್ಯದರ್ಶಿಯೂ ಸೇರಿ. ಪತ್ರಿಕೆಯಲ್ಲಿತ್ತು. ಈಗ ಕ್ರೀಡಾಪುಟವನ್ನು ಅಳಿಯ ತೆಗೆದುಕೊಂಡು ಹೋಗುವುದಿಲ್ಲ.

ಆಗಸ್ಟ್ 17, ಶನಿವಾರ

ಹೊಸ ಋತುವಿನ ಮೊದಲ ಪಂದ್ಯ. ಸಮಿತಿಯ ಅವಧಿ ಮುಗಿದಿದೆ, ನನಗೆ ಇನ್ನು ಯಾವ ಕಟ್ಟುಪಾಡೂ ಇಲ್ಲ. ಅಳಿಯ ವಾರಕ್ಕೆ ಮೊದಲೇ ನನಗೆ ಟಿಕೆಟ್ ತಂದಿಟ್ಟಿದ್ದ. ಅವನ ಅಪ್ಪನ ಸೀಟಿನಲ್ಲಿ ನನ್ನನ್ನು ಕೂರಿಸಿ, ತಾನು ಪಕ್ಕದ ಮೆಟ್ಟಿಲ ಮೇಲೆ ಕೂತ. ಸುತ್ತಲಿನವರೆಲ್ಲ ಎದ್ದು ಜಾಗ ಮಾಡಿಕೊಟ್ಟರು, ಯಾರೋ ಬೆನ್ನಿಗೆ ದಿಂಬು ಕೊಟ್ಟರು. ಪಂದ್ಯವನ್ನು ಇಷ್ಟು ಎತ್ತರದಿಂದ, ಜನರ ನಡುವೆ ಕೂತು ನಾನು ನೋಡಿದ್ದು ಇದೇ ಮೊದಲು. ಹುಲ್ಲಿನ ಮೇಲೆ ಓಡುವವನಿಗೆ ಹೆಗಲಿಗೆ ಹೆಗಲು ತಾಗುವ ಈ ಬಿಸುಪು ಗೊತ್ತಾಗುವುದಿಲ್ಲ.

ದ್ವಿತೀಯಾರ್ಧದವರೆಗೆ ಒಂದಕ್ಕೊಂದು ಸಮ. ಆಗ ಎದುರಾಳಿ ಹುಡುಗನೊಬ್ಬ ಚೆಂಡು ಉರುಳಿಸಿಕೊಂಡು ನಮ್ಮ ಗೋಲಿನ ಕಡೆ ನುಗ್ಗಿದ. ನಮ್ಮವನು ಹಿಂದಿನಿಂದ ಬಂದು ಕಾಲು ಹಾಕಿದ. ಹುಡುಗ ಬಿದ್ದ. ರೆಫರಿ ಎಳೆಯವನು, ಮೀಸೆ ಕೂಡ ಸರಿಯಾಗಿ ಬಂದಿಲ್ಲ. ಒಂದು ಕ್ಷಣವೂ ತಡಮಾಡದೆ ಸೀಟಿ ಊದಿ ಪೆನಾಲ್ಟಿ ಎಂದು ಕೈ ತೋರಿಸಿದ.

ಆಮೇ​ಲೆ ನೋಡಿಕೊಂಡರೆ ನಾನು ನಿಂತಿದ್ದೆ. "ಕಳ್ಳಾ! ಎಷ್ಟು ತಗೊಂಡ್ಯೋ?" ಎಂದು ಯಾರೋ ಅರಚುತ್ತಿದ್ದರು, ಗಂಟಲು ನನ್ನದೇ. ಸುತ್ತಲಿನವರು ಹೋ ಎಂದು ನನ್ನ ಮಾತನ್ನೇ ಹಿಡಿದು ಕೂಗಿದರು, ಇಡೀ ಸಾಲು, ಆಮೇಲೆ ಇಡೀ ಮೈದಾನ. ಅಳಿಯ ನಗುತ್ತ ನನ್ನ ಹೆಗಲ ಮೇಲೆ ಕೈ ಹಾಕಿ, "ಈಗ ನೀವು ಪಕ್ಕಾ ನಮ್ಮೋರು ಮಾವ" ಎಂದ. ಕಣ್ಣಲ್ಲಿ ನೀರು ಬಂತು. ಈ ವಯಸ್ಸಿನಲ್ಲಿ ಇಷ್ಟು ಸಂತೋಷ ಪಡೆದು ಬಂದಿದ್ದೆ ಎಂದು ಗೊತ್ತಿರಲಿಲ್ಲ.

ರೆಫರಿ ಹುಡುಗ ಒಮ್ಮೆ ತಲೆಯೆತ್ತಿ ನಮ್ಮ ಕಡೆ ನೋಡಿದ. ನೋಡಬಾರದು, ಹೊಸಬ, ಕಲಿಯುತ್ತಾನೆ. ಅದು ಪೆನಾಲ್ಟಿಯೇ. ಕಾಲಿಗೆ ಕಾಲು ತಗುಲಿದ್ದನ್ನು ಅವನಿಗಿಂತ ಮೊದಲು ನಾನು ನೋಡಿದ್ದೆ.